ಹೊಣೆಬಳೆ

ನಮ್ಮ ಮನೆಯಲ್ಲಿ ಬೆಳಗಿನ ಚಹಾದ ಹೊತ್ತಿಗೆ ನನ್ನ ಹೆಂಡತಿ ನೀಲಾಂಬಿಕಾ ಎಡಗೈಯ ಹಸಿರು ಬಳೆಗಳನ್ನು ಮೊಣಕೈಯತ್ತ ಸರಿಸಿ, ಅವುಗಳ ಅಡಿಯಲ್ಲಿದ್ದ ಬೂದು ಪಟ್ಟಿಯ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ಸುಮ್ಮನೆ ಕೂರುತ್ತಿದ್ದಳು, ವೈದ್ಯರು ನಾಡಿ ನೋಡುವ ಹಾಗೆ. ಆಮೇಲೆ ನನಗೆ ವರದಿ ಒಪ್ಪಿಸುತ್ತಿದ್ದಳು.

“ಹಾಸ್ಟೆಲ್ಲು ಆರಾಮ ಐತ್ರಿ. ರೇಲ್ವೆ ಗೇಟಿನ ಸೇತುವಿ ಮ್ಯಾಲೆ ಕಬ್ಬಿನ ಟ್ರಾಕ್ಟರ್ ಹೊಂಟಾವು. ಟಾಕಿ ಮಾತ್ರ ಇನ್ನೂ ಪೂರಾ ಸಡ್ಲ ಆಗಿಲ್ಲ.”

“ಯಾವ ಟಾಕಿ?”

“ನಿಮ್ಮ ಕೈಯಾಗ ಎಷ್ಟು ಟಾಕಿ ಅದಾವ್ರಿ? ಒಂದ ಐತಿ. ಕೆಂಪಗುಡ್ಡದ್ದು.”

ನಿಮ್ಮ ಕೈಯಾಗ ಎಂದಳು. ಆ ಪಟ್ಟಿ ಇರಬೇಕಾದದ್ದು ನನ್ನ ಕೈಯಲ್ಲೇ. ಹಾಸ್ಟೆಲು, ಸೇತುವೆ, ನೀರಿನ ಟಾಕಿ ಮೂರಕ್ಕೂ ಸಹಿ ಮಾಡಿದವನು ನಾನು, ಚನ್ನವೀರ ಹೊಂಬಳ, ಗದಗ ವಿಭಾಗದ ಪರವಾನಗಿ ಪಡೆದ ಇಂಜಿನಿಯರ್.

ಹೊಣೆಬಳೆ ಹೇಗೆ ಬಂತೆಂದು ಈಗಿನ ಹುಡುಗರಿಗೆ ತಿಳಿದಿರಲಾರದು. ನಾನು ಓದು ಮುಗಿಸುವ ಹೊತ್ತಿಗೇ ಲೆಕ್ಕಾಚಾರವೆಲ್ಲ ಯಂತ್ರದ ಪಾಲಾಗಿತ್ತು. ಮಣ್ಣಿನ ವಿವರ ಕೊಟ್ಟರೆ ಟಾಕಿಯೊಂದರ ನಕ್ಷೆ ನಾಲ್ಕು ನಿಮಿಷದಲ್ಲಿ ಸಿದ್ಧವಾಗುತ್ತಿತ್ತು. ಕಾಂಕ್ರೀಟಿನ ಜೊತೆಗೇ ಕೂದಲೆಳೆಯಂಥ ಗಾಜಿನ ತಂತು ಹಾಕಿ, ಕಂಬದ ಮೇಲೆ ಎಷ್ಟು ಒತ್ತಡ ಬೀಳುತ್ತಿದೆ ಎಂದು ಹಗಲಿರುಳೂ ಅಳೆಯುತ್ತಿದ್ದರು. ಆದರೂ ಒಂದು ಊರಿನಲ್ಲಿ ಸಂತೆಕಟ್ಟೆಯ ಚಾವಣಿ ಕುಸಿದು ಮೂವತ್ತೊಂದು ಜನ ಸತ್ತರು. ತನಿಖೆ ನಡೆಯಿತು. ಯಂತ್ರ ಹನ್ನೊಂದು ಸಲ ಎಚ್ಚರಿಸಿತ್ತು. ಹನ್ನೊಂದು ಸಲವೂ ನಿಯಂತ್ರಣ ಕೊಠಡಿಯಲ್ಲಿ ಪಾಳಿಯಲ್ಲಿದ್ದವರು ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದ್ದರು. ಅವರಾರೂ ಕೆಟ್ಟವರಲ್ಲ. ಆ ಗಂಟೆ ಯಾರನ್ನು ಕರೆಯುತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಆಮೇಲೆ ಕಾನೂನು ಬಂತು. ಸಹಿ ಮಾಡಿದವನ ಮಣಿಕಟ್ಟಿಗೇ ಗಂಟೆ ಕಟ್ಟಿದರು. ಪಟ್ಟಿಯೊಳಗೆ ನಾಲ್ಕು ಮೂಲೆಗೆ ನಾಲ್ಕು ತಂತಿಗಳಿರುತ್ತವೆ. ಕಟ್ಟಡದ ಯಾವ ಬದಿಗೆ ಭಾರ ಹೆಚ್ಚಿತೋ ಆ ಬದಿಯ ತಂತಿ ಮಣಿಕಟ್ಟನ್ನು ಅಷ್ಟೇ ಪ್ರಮಾಣದಲ್ಲಿ ಬಿಗಿಯುತ್ತದೆ, ಭಾರ ಇಳಿದಾಗ ಸಡಿಲಿಸುತ್ತದೆ. ಪ್ರತಿ ಕಟ್ಟಡಕ್ಕೂ ಬೇರೆ ಬೇರೆ ಮಿಡಿತ. ನೋವೇನೂ ಆಗುವುದಿಲ್ಲ. ಯಾರೋ ಕೈ ಹಿಡಿದುಕೊಂಡಿದ್ದಾರೆ ಎನಿಸುತ್ತದೆ.

ಜನ ಬೇಗ ಹೊಂದಿಕೊಂಡರು. ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕೂತವನು ತುತ್ತನ್ನು ಅರ್ಧಕ್ಕೆ ನಿಲ್ಲಿಸಿ ಮಣಿಕಟ್ಟು ಹಿಡಿದುಕೊಂಡರೆ, ಪಕ್ಕದವರು “ಯಾವ ಸೇತುವಿ ಸಾಹೇಬ್ರ?” ಎಂದು ನಗುತ್ತ ಕೇಳುವರು. ಕನ್ಯಾ ಕೊಡುವವರು ಹುಡುಗನ ಕೈಯಲ್ಲಿ ಎಷ್ಟು ಮಹಡಿ ಇವೆ ಎಂದು ವಿಚಾರಿಸುವರು. ಕಡಿಮೆ ಇದ್ದರೆ ಒಳ್ಳೆಯದು, ನಿದ್ದೆ ಚೆನ್ನಾಗಿ ಮಾಡುತ್ತಾನೆ.

ಪರವಾನಗಿ ಸುಲಭವಾಗಿ ಸಿಗುತ್ತಿರಲಿಲ್ಲ. ಪದವಿ ಇದ್ದರೆ ಕೆಲಸ ಮಾಡಬಹುದು, ಸಹಿ ಮಾಡುವಂತಿಲ್ಲ. ಪದವೀಧರರಾದರೆ ನಾಲ್ಕು ವರ್ಷ, ಡಿಪ್ಲೊಮಾದವರಾದರೆ ಎಂಟು ವರ್ಷ, ಪರವಾನಗಿ ಇದ್ದವರ ಕೈಕೆಳಗೆ ದುಡಿಯಬೇಕು. ಅವರು ಅನುಭವದ ಪತ್ರ ಬರೆದುಕೊಟ್ಟರೆ ಎರಡು ದಿನದ ಪರೀಕ್ಷೆ, ಅದಾದ ಮೇಲೆ ಧಾರವಾಡದ ಮಂಡಳಿಯಲ್ಲಿ ಮೌಖಿಕ ಪರೀಕ್ಷೆ. ಅಲ್ಲಿ ನನ್ನನ್ನು ಕೇಳಿದವರು ರೆಬೆಕಾ ಅಮ್ಮಣ್ಣ ಎಂಬ ಹಿರಿಯರು. ಒಂದೇ ಒಂದು ಸೂತ್ರವನ್ನೂ ಕೇಳಲಿಲ್ಲ.

“ಹೊಂಬಳ ಅವರೇ, ನೀವು ಕೂತಿರುವ ಈ ಕೋಣೆಯ ನೆಲ ಗಟ್ಟಿ ಇದೆ ಅಂತ ಹೇಗೆ ಗೊತ್ತು?”

“ಯಾರೋ ನೋಡಿರಬೇಕಲ್ಲ, ಮೇಡಮ್,” ಎಂದೆ.

“ಆ ಯಾರೋ ಇನ್ನು ಮೇಲೆ ನೀವು,” ಎಂದು ಅವರು ನಕ್ಷೆಯೊಂದರ ಮೂಲೆ ತೋರಿಸಿದರು. ಮುದ್ರೆ ಒತ್ತುವ ಜಾಗದ ಪಕ್ಕದಲ್ಲಿ ಚಿಕ್ಕ ಚೌಕ. ಅದರ ಮೇಲೆ ‘ನಾನು ಸ್ವತಃ ನೋಡದೆ ಇರುವುದು’ ಎಂದು ಅಚ್ಚಾಗಿತ್ತು. ಬೇರೆಯವರ ಮಾತು ನಂಬಿ ಬಿಟ್ಟದ್ದೆಲ್ಲವನ್ನೂ ಅದರಲ್ಲಿ ಬರೆಯಬೇಕು. ಬರೆದರೆ ತಪ್ಪಿಲ್ಲ, ಮಂಡಳಿ ಅದನ್ನು ಇನ್ನೊಬ್ಬರಿಂದ ನೋಡಿಸುತ್ತದೆ. “ನಕ್ಷೆಯಲ್ಲಿ ನಾನು ಮೊದಲು ಓದೋದು ಇದನ್ನೇ,” ಎಂದರು.

ಬಳೆ ಕಟ್ಟಿಕೊಂಡ ಮೇಲೆ ನಲವತ್ತು ದಿನ ತೆಗೆಯುವಂತಿಲ್ಲ. ಅಷ್ಟರಲ್ಲಿ ಅದು ತೊಟ್ಟವರ ನಾಡಿ ಕಲಿಯುತ್ತದೆ. ನಾನು ಒಂಬತ್ತು ದಿನ ತೊಟ್ಟೆ. ಆಗಲೇ ಕಟ್ಟಿ ಮುಗಿದಿದ್ದ ರೇಲ್ವೆ ಗೇಟಿನ ಸೇತುವೆಯನ್ನು ಪರಿಶೀಲಿಸಿ ಸಹಿ ಮಾಡಿದ್ದು ನನ್ನ ಮೊದಲ ಕೆಲಸ. ಕಬ್ಬಿನ ಹಂಗಾಮು. ಅದರ ಮೇಲೆ ಒಂದೊಂದು ಟ್ರಾಕ್ಟರ್ ದಾಟುವಾಗಲೂ ಬಳೆ ಬಿಗಿದು ಸಡಿಲಾಗುತ್ತಿತ್ತು. ಊಟ ಸೇರಲಿಲ್ಲ, ಕಣ್ಣು ಹತ್ತಲಿಲ್ಲ. ಹತ್ತನೆಯ ದಿನ ಮಧ್ಯಾಹ್ನ ಅದನ್ನು ಬಿಚ್ಚಿ ಊಟದ ಮೇಜಿನ ಮೇಲಿಟ್ಟೆ. ಬದುಕಿರುವ ಕೈ ಸಿಗದಿದ್ದರೆ ಹತ್ತು ನಿಮಿಷಕ್ಕೆ ಅದು ಮಂಡಳಿಗೆ ದೂರು ಕಳಿಸುತ್ತದೆ. ಒಂಬತ್ತನೆಯ ನಿಮಿಷಕ್ಕೆ ನೀಲಾ ಕೈ ಒರೆಸಿಕೊಂಡು ಬಂದು ತಾನೇ ಕಟ್ಟಿಕೊಂಡಳು.

“ಒಂದ ತಾಸು ಮಲ್ಕೋರಿ. ಎದ್ದ ಮ್ಯಾಲೆ ಕೊಡ್ತೇನಿ.”

ಸಂಜೆಯವರೆಗೆ ಮಲಗಿದೆ. ಎದ್ದ ಮೇಲೆ ಕೇಳಲಿಲ್ಲ. ಅವಳೂ ಕೊಡಲಿಲ್ಲ. ನಲವತ್ತನೆಯ ದಿನಕ್ಕೆ ಬಳೆ ಅವಳ ನಾಡಿಯನ್ನೇ ಚನ್ನವೀರ ಹೊಂಬಳನ ನಾಡಿ ಎಂದು ಕಲಿತುಬಿಟ್ಟಿತ್ತು. ಅಂದಿನಿಂದ ಏಳು ವರ್ಷ ನಾನು ತೋಳು ಮಡಚಿದವನಲ್ಲ. ಎಂಥ ಬಿಸಿಲಿಗೂ ತುಂಬುತೋಳಿನ ಅಂಗಿ, ಗುಂಡಿ ಹಾಕಿಯೇ.

ನೀಲಾ ಬೆಟಗೇರಿಯಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದವಳು. ಮದುವೆಯಾಗಿ ಎರಡು ವರ್ಷ, ನಾನು ತರಬೇತಿ ಪಡೆದ ಗುರುಗಳ ಆಫೀಸಿನಲ್ಲಿ, ಆಮೇಲೆ ಏಳು ವರ್ಷ ನನ್ನ ಆಫೀಸಿನಲ್ಲಿ ನಕ್ಷೆ ನೋಡಿದಳು. ಗುರುಗಳು ತೀರಿಕೊಳ್ಳುವ ಮೊದಲು ಅವಳ ಆ ಎರಡು ವರ್ಷಕ್ಕೂ ನಾನೇ ಪತ್ರ ಕೊಡುವಂತೆ ನನ್ನ ದಾಖಲೆಗೆ ಸೇರಿಸಿ ಹೋಗಿದ್ದರು. ಒಟ್ಟು ಒಂಬತ್ತು ವರ್ಷ. ನನ್ನ ಒಂದು ಪತ್ರವಿದ್ದರೆ ಅವಳು ಪರೀಕ್ಷೆಗೆ ಕೂರಬಹುದಿತ್ತು. ಕಳೆದ ವರ್ಷದಿಂದ ಮೂರು ಸಲ ಕೇಳಿದ್ದಳು. ಬರೆಯೋಣ, ಬರೆಯೋಣ ಎನ್ನುತ್ತಲೇ ಬಂದೆ. ಕಾರಣವನ್ನು ಅವಳಿಗೆ ಹೇಳಲಿಲ್ಲ, ನನಗೆ ನಾನೂ ಬಹಳ ಕಾಲ ಹೇಳಿಕೊಳ್ಳಲಿಲ್ಲ. ಅವಳು ಪರವಾನಗಿ ಪಡೆದರೆ ಅವಳದೇ ಬಳೆ ಬರುತ್ತದೆ. ಒಬ್ಬರ ಮೈಮೇಲೆ ಎರಡು ಬಳೆ ಒಗ್ಗುವುದಿಲ್ಲ. ಆಗ ನನ್ನದನ್ನು ಯಾರು ತೊಡಬೇಕು?

*

ಕೆಂಪಗುಡ್ಡ ಬಡಾವಣೆಯ ಟಾಕಿಗೆ ಐದು ದಿನಕ್ಕೊಮ್ಮೆ ನೀರು ಏರುತ್ತದೆ. ತುಂಬಿದಾಗ ಬಳೆ ಬಿಗಿಯಾಗಬೇಕು, ಖಾಲಿಯಾದಾಗ ಪೂರ್ತಿ ಸಡಿಲಾಗಬೇಕು. ನೀಲಾ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀರಿನ ದಿನಗಳಿಗೆ ಪೆನ್ಸಿಲ್ಲಿನಿಂದ ಗೆರೆ ಹಾಕುತ್ತಿದ್ದಳು. ಟಾಕಿ ಖಾಲಿಯಾದ ಮೇಲೂ ಈಶಾನ್ಯದ ತಂತಿ ಎಷ್ಟು ಹೊತ್ತು ಬಿಡದೆ ಹಿಡಿದಿತ್ತೋ ಅಷ್ಟು ಉದ್ದದ ಗೆರೆ. ದೀಪಾವಳಿಯ ಹಾಳೆಯಲ್ಲಿ ಅವು ಜೀರಿಗೆಯಷ್ಟಿದ್ದವು. ಯುಗಾದಿಯ ಹಾಳೆಗೆ ಬರುವಾಗ ಪಕ್ಕದ ತಾರೀಖಿನ ಮೇಲೆ ಹಾಯುತ್ತಿದ್ದವು.

“ಬಳಿ ಹಳೇದಾಗೈತಿ,” ಎಂದೆ.

“ಬಳಿ ಹಳೇದಾಗಿದ್ರ ಹಾಸ್ಟೆಲ್ಲೂ ಹಿಡೀಬೇಕಿತ್ತಲ್ರಿ. ಇದೊಂದ ಹಿಡಿತೈತಿ. ಆ ಮೂಲ್ಯಾಗ ಮಣ್ಣು ಹೆಂಗಿತ್ರಿ?”

“ಗರಸು. ಒಂದೂವರೆ ಮೀಟರಿಗೆ ಗಟ್ಟಿ ಗರಸು.”

“ನೀವು ನೋಡಿರಿ?”

“ರಿಪೋರ್ಟಿನ್ಯಾಗ ಐತಿ.”

ವರದಿಯಲ್ಲಿ ಇತ್ತು, ನಿಜ. ಅದು ಪಕ್ಕದ ಸಮುದಾಯ ಭವನದ ನಿವೇಶನದ ವರದಿ. ಟಾಕಿಯ ಕೆಲಸ ಅವಸರದ್ದು. ಟಾಕಿಯ ಜಾಗ ಅಲ್ಲಿಂದ ಅರವತ್ತು ಹೆಜ್ಜೆ. ಅರವತ್ತು ಹೆಜ್ಜೆಗೆ ಭೂಮಿ ಏನು ಬದಲಾಗುತ್ತದೆ ಎಂದುಕೊಂಡು ಅದೇ ಅಂಕಿಗಳನ್ನು ಯಂತ್ರಕ್ಕೆ ಕೊಟ್ಟಿದ್ದೆ. ನಮ್ಮ ಕಸುಬಿನಲ್ಲಿ ಇದು ಹೊಸದಲ್ಲ, ವರದಿಗಳು ಕೈಯಿಂದ ಕೈಗೆ ಓಡಾಡುತ್ತವೆ. ಹಾಗೆ ಮಾಡಿದವರು ಚೌಕದಲ್ಲಿ ‘ಮಣ್ಣು’ ಎಂದು ಬರೆಯಬೇಕು. ಬರೆದರೆ ಮಂಡಳಿ ಮತ್ತೆ ಕೊರೆಸುತ್ತದೆ, ತಿಂಗಳು ಹೋಗುತ್ತದೆ. ನಾನು ಆ ಚೌಕದಲ್ಲಿ ‘ಇಲ್ಲ’ ಎಂದು ಬರೆದಿದ್ದೆ. ದುಂಡಗಿನ ಅಕ್ಷರದಲ್ಲಿ.

ಮರುದಿನ ಹತ್ತು ಗಂಟೆಗೆ ಕೆಂಪಗುಡ್ಡಕ್ಕೆ ಹೋದೆ. ಜೇಬಿನಲ್ಲಿ, ಕಂಬ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡು, ದಾರ. ಟಾಕಿಯ ಕಂಬಗಳ ನಡುವಿನ ತಗಡಿನ ಕೋಣೆಯಲ್ಲಿ ವಾಲ್‌ಮನ್ ಇಮಾಮಸಾಬ ರೇಡಿಯೋ ಕೇಳುತ್ತ ಕೂತಿದ್ದ. ಯಾವ ಓಣಿಗೆ ಯಾವಾಗ ನೀರು ಎಂದು ತೀರ್ಮಾನಿಸುವವನು ಅವನೇ ಆದ್ದರಿಂದ ಬಡಾವಣೆಯಲ್ಲಿ ಅವನಿಗಿದ್ದ ಗೌರವ ಶಾಸಕರಿಗೂ ಇರಲಿಲ್ಲ.

“ಬರ್ರಿ ಸಾಹೇಬ್ರ. ಈ ಬಾಗಲಾ ಒಂದ ನೋಡ್ರಿ, ಎರಡ ತಿಂಗಳಾತು, ಮುಚ್ಚವಲ್ದು. ಬಡಿಗ್ಯಾ ಎರಡ ಸಲ ಕೆತ್ತಿ ಹೋದ. ಮತ್ತ ಹಿಡಿತೈತಿ.”

ಬಾಗಿಲಿನ ಮೇಲ್ತುದಿ ಚೌಕಟ್ಟಿಗೆ ಓರೆಯಾಗಿ ತಾಗುತ್ತಿತ್ತು. ಬಾಗಿಲಲ್ಲಿ ದೋಷವಿರಲಿಲ್ಲ. ಚೌಕಟ್ಟನ್ನು ಟಾಕಿಯ ಕಂಬಕ್ಕೇ ಬಿಗಿದಿದ್ದರು.

“ಮಳಿಗಾಲದಾಗ ಕಟಗಿ ಉಬ್ಬತೈತಿ,” ಎಂದೆ.

“ಇದು ಏಪ್ರಿಲ್ ಐತ್ರಿ ಸಾಹೇಬ್ರ.” ಅವನು ನಕ್ಕ. “ಚಾ ಕುಡೀತೀರಿಲ್ಲೋ?”

ಚಹಾ ಕುಡಿದೆ. ಜೇಬಿನೊಳಗಿನ ಗುಂಡು ತೊಡೆಗೆ ತಣ್ಣಗೆ ತಾಗುತ್ತಿತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ದಾರ ಇಳಿಬಿಟ್ಟರೆ ಗೊತ್ತಾಗುತ್ತಿತ್ತು, ಗೊತ್ತಾದ ಮೇಲೆ ಗೊತ್ತಿಲ್ಲ ಎನ್ನಲು ಬರುತ್ತಿರಲಿಲ್ಲ.

*

ಮನೆಗೆ ಬಂದಾಗ ಮಂಡಳಿಯ ಪತ್ರ ಕಾದಿತ್ತು. ಏಳು ವರ್ಷಕ್ಕೊಮ್ಮೆ ಪರವಾನಗಿ ನವೀಕರಣ. ಬಳೆ ತೊಟ್ಟುಕೊಂಡೇ ಹಾಜರಾಗಬೇಕು.

ಜೊತೆಯಲ್ಲಿ ಓದಿದ ಸವಡಿಗೆ ಫೋನ್ ಮಾಡಿದೆ. ನನ್ನ ಬಳೆ ಯಾರ ಕೈಯಲ್ಲಿದೆ ಎಂದು ಗೊತ್ತಿದ್ದವನು ಅವನೊಬ್ಬನೇ. ಅವನದನ್ನು ಅವನ ಅಣ್ಣ ತೊಟ್ಟಿದ್ದ.

“ಅದಕ್ಯಾಕ ಅಷ್ಟು ವಿಚಾರ ಮಾಡ್ತಿಯೋ ಮಾರಾಯಾ? ಒಂದ ಕಲ್ಲ ತಗೊಂಡ ಜಜ್ಜು. ಒಡದೈತಿ ಅಂತ ಅರ್ಜಿ ಬರಿ. ಹೊಸಾದು ಕೊಡ್ತಾರ, ಹಳೇದನ್ನ ಕೇಳೂದಿಲ್ಲ. ಹೊಸಾ ಬಳಿ ಕಟ್ಟಿದ ದಿನಾ ಎಲ್ಲಾ ಶೂನ್ಯದಿಂದ ಚಾಲೂ.”

ಅರ್ಜಿ ಬರೆದೆ. ನೀಲಾ ರೊಟ್ಟಿಯ ಹಿಟ್ಟು ನಾದುತ್ತಿದ್ದವಳು ಕೈ ತೊಳೆದು ಬಂದು ಅದನ್ನು ಓದಿದಳು. ಎರಡು ಸಲ ಓದಿದಳು.

“ಹೊಸಾ ಬಳಿ ಬಂದ್ರ ಟಾಕಿ?”

“ಅದೂ ಹೊಸದಾಗಿ ಚಾಲೂ ಆಗ್ತೈತಿ.”

“ಅಂದ್ರ ಇವತ್ತ ಎಷ್ಟ ವಾಲೇತೋ ಅದನ್ನ ನೆಟ್ಟಗೈತಿ ಅಂತ ತಿಳಕೋತೈತಿ.”

ಇದಕ್ಕೆ ನಾನು ಆಡಿದ ಮಾತನ್ನು ಇಲ್ಲಿ ಬರೆಯಲೇಬೇಕು. “ಪರವಾನಗಿ ಒಂದ ನವೀಕರಣ ಆಗ್ಲಿ, ನೀಲಾ. ಮರುದಿವಸನ ನಿನ್ನ ಪತ್ರ ಬರಕೊಡ್ತೇನಿ. ಮುಂದಿನ ವರ್ಷ ನೀನೂ ಇಂಜಿನಿಯರ್. ಆಮ್ಯಾಲೆ ಟಾಕಿ ವಿಚಾರ ಇಬ್ಬರೂ ಸೇರಿ ಮಾಡೂಣು.”

ಅವಳು ನನ್ನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಒಂದು ಲೆಕ್ಕ ಕೊನೆಗೂ ತಾಳೆಯಾದಾಗ ಕಾಣುವ ಭಾವವಿತ್ತು. ಪತ್ರ ಇಷ್ಟು ದಿನ ಯಾಕೆ ಬರಲಿಲ್ಲ ಎಂಬುದು ಅವಳಿಗೆ ಆಗ ಹೊಳೆದಿರಬೇಕು.

ಪರವಾನಗಿ ರದ್ದಾದವನ ಹಿಂದಿನ ಸಹಿಗಳೂ ರದ್ದು. ಅವನು ಕೊಟ್ಟ ಅನುಭವದ ಪತ್ರವೂ ಕಾಗದದ ಚೂರು. ನಾನು ನಿಜ ಹೇಳಿದರೆ ನನಗೆ ಪರವಾನಗಿ ಹೋಗುತ್ತದೆ, ಅವಳಿಗೆ ಒಂಬತ್ತು ವರ್ಷ ಹೋಗುತ್ತದೆ. ಇದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು, ನಿಯಮಗಳ ಪುಸ್ತಕ ಓದಿಕೊಂಡಿದ್ದವಳು ಅವಳು.

ಅವಳು ಒಳಗೆ ಹೋಗಿ ರೊಟ್ಟಿ ಬಡಿಯಲು ಶುರುಮಾಡಿದಳು. ಆರು ರೊಟ್ಟಿ ಬಡಿದಳು. ಏಳನೆಯದಕ್ಕೆ ನಿಲ್ಲಿಸಿದಳು.

“ಇಮಾಮಸಾಬಗ ಏನ ಹೇಳೂಣ್ರಿ?”

“ಏನು?”

“ಅವನ ಖೋಲಿ ಬಾಗಲಾ ಮುಚ್ಚವಲ್ದು ಅಂತ ನೀವ ಹೇಳಿದ್ರೆಲ್ಲ. ಅವಗ ಏನರ ಹೇಳಬೇಕಲ್ಲ.” ಮತ್ತೆ ಬಡಿಯತೊಡಗಿದಳು. “ನಾಳೆ ಏಳೂವರಿ ಬಸ್ಸಿಗೆ ಧಾರವಾಡಕ್ಕ ಹೋಗೂಣು. ನಾನೂ ಬರ್ತೇನಿ. ಬಳಿ ನನ್ನ ಕೈಯಾಗ ಐತಿ.”

ಅರ್ಜಿಯನ್ನು ಹರಿದವನು ನಾನಲ್ಲ. ಒಲೆಗೆ ಹಾಕಲು ಅವಳೇ ಒಯ್ದಳು.

*

ಮಂಡಳಿಯ ನಿಯಂತ್ರಣ ಕೊಠಡಿ ಬ್ಯಾಂಕಿನಷ್ಟು ಸಾಮಾನ್ಯವಾಗಿತ್ತು. ರೆಬೆಕಾ ಅಮ್ಮಣ್ಣ ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಅಂಗಿಯ ಗುಂಡಿ ಬಿಚ್ಚಿ ಬರಿಗೈ ತೋರಿಸಿದೆ. ಹೇಳಬೇಕಾದ್ದನ್ನು ಹೇಳಿದೆ: ಹತ್ತನೆಯ ದಿನ, ಪಕ್ಕದ ನಿವೇಶನದ ವರದಿ, ಚೌಕದಲ್ಲಿ ಬರೆದ ‘ಇಲ್ಲ’. ಜೇಬಿನಿಂದ ತೆಗೆಯದ ತೂಗುಗುಂಡಿನ ವಿಷಯ ಮಾತ್ರ ಆ ದಿನವೂ ಬಾಯಿಗೆ ಬರಲಿಲ್ಲ.

ಅವರು ಬಳೆಯನ್ನು ನನ್ನ ಕೈಗೆ ಕಟ್ಟಿಸಿದರು. ಅದು ಸತ್ತಂತೆ ಬಿದ್ದಿತ್ತು. ಬಿಚ್ಚಿ ನೀಲಾಳ ಕೈಗೆ ಕಟ್ಟಿದರು. ಕೂಡಲೇ ಬಿಗಿಯಿತು.

ಪರದೆ ನೋಡುತ್ತಿದ್ದ ಸಿಬ್ಬಂದಿಯ ಹುಡುಗಿ, “ಮೇಡಮ್, ಕೆಂಪಗುಡ್ಡ ಅರವತ್ತೊಂದಕ್ಕಿದೆ. ಎಂಬತ್ತು ದಾಟಿದರೆ ಮಾತ್ರ ಎಚ್ಚರಿಕೆ. ಸರಿಯಾಗೇ ಇದೆ,” ಎಂದಳು.

“ಹೌದ್ರಿ, ಅರವತ್ತೊಂದ ಇರಬೇಕು. ಇವತ್ತ ನೀರ ಏರಸೂ ದಿನಾ,” ಎಂದಳು ನೀಲಾ. “ಟಾಕಿ ಖಾಲಿ ಇದ್ದಾಗಿನ ಅಂಕಿ ತಗೀರಿ. ದೀಪಾವಳಿಯಿಂದ.”

ಖಾಲಿ ಟಾಕಿಯ ಅಂಕಿಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಮಿತಿ ದಾಟಿತೇ ಎಂಬ ಒಂದೇ ಪ್ರಶ್ನೆ ಯಂತ್ರಕ್ಕೆ ಗೊತ್ತಿತ್ತು, ಆ ಮಿತಿಯನ್ನು ನಿಶ್ಚಯಿಸಿದ್ದು ನಾನು ಕೊಟ್ಟ ಮಣ್ಣಿನ ಅಂಕಿಗಳು. ಹುಡುಗಿ ಒಂದೊಂದೇ ಅಂಕಿ ಓದಿದಳು. ಶೂನ್ಯವಿರಬೇಕಾದಲ್ಲಿ ಮೂರು. ನಾಲ್ಕು. ಆರು. ಹತ್ತು. ಹದಿನೇಳು. ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು. ಹೋದ ವಾರ, ಇಪ್ಪತ್ತೊಂಬತ್ತು.

“ಯಾವ ಬದಿ?” ರೆಬೆಕಾ ಅವರು ಕೇಳಿದ್ದು ನನ್ನನ್ನಲ್ಲ.

ನೀಲಾ ಮಣಿಕಟ್ಟಿನ ಒಳಮೂಲೆಯಲ್ಲಿ ಬೆರಳಿಟ್ಟಳು. “ಈಶಾನ್ಯ. ಎರಡು ಕಂಬ. ಈಗೂ ಬಿಗೀಲಿಕ್ಕತ್ತೈತಿ, ಮೊದಲ ಪಂಪ್ ಬಂದ್ ಮಾಡಸ್ರಿ.”

ಪಂಪು ನಿಲ್ಲಿಸಿ ಇಮಾಮಸಾಬನಿಗೆ ಫೋನ್ ಹಚ್ಚಿದರು. ಅವನ ದನಿ ಇಡೀ ಕೊಠಡಿಗೆ ಕೇಳಿಸಿತು. “ಇವತ್ತ ನಾಕನೇ ಕ್ರಾಸಿನ ಪಾಳಿ ಐತ್ರಿ. ಎಲ್ಲಾ ನೀರ ಸುಮ್ಮನ ಬಿಟ್ಟನಿ ಅಂದ್ರ ಹೆಣ್ಮಕ್ಕಳು ಕೊಡಾ ತಗೊಂಡ ಬಂದು ನನ್ನ ತಲಿ ಮ್ಯಾಲೆ ಕುಂದರ್ತಾರ.”

“ಇಮಾಮಣ್ಣ, ನಾ ನೀಲಾಂಬಿಕಾ, ಇಂಜಿನಿಯರ್ ಮನಿಯಾಕಿ. ಎಲ್ಲಾ ಕ್ರಾಸಿಗೂ ಒಮ್ಮೆ ಬಿಡ್ರಿ, ಎಲ್ಲಾರೂ ತುಂಬಿಕೊಳ್ಳಲಿ. ವಾಲ್ ಅರ್ಧಾ ತಿರುವ್ರಿ, ಅರ್ಧಾ ಸಾಕು. ತಿರುವಿ ಆ ಖೋಲಿ ಬಿಟ್ಟ ದೂರ ಹೋಗಿ ನಿಲ್ಲರಿ. ರೇಡಿಯೋ ಅಲ್ಲೇ ಇರ್ಲಿ.”

ಟಾಕಿ ಬರಿದಾಗಲು ಮೂರು ತಾಸು ಹಿಡಿಯಿತು. ಅಷ್ಟು ಹೊತ್ತೂ ಅವಳು ಕಣ್ಣು ಮುಚ್ಚಿ ಕೂತಿದ್ದಳು. ಪರದೆಯ ಅಂಕಿ ಬದಲಾಗುವ ಒಂದು ಕ್ಷಣ ಮೊದಲೇ ಅವಳ ಹುಬ್ಬು ಅಲುಗುತ್ತಿತ್ತು. ನನಗೆ ಕುರ್ಚಿ ಕೊಟ್ಟಿದ್ದರು, ಮಾಡಲು ಕೆಲಸವಿರಲಿಲ್ಲ.

ಮುಂದಿನ ವಾರ ಅಗೆದು ನೋಡಿದರು. ಸಮುದಾಯ ಭವನದ ಅಡಿಯಲ್ಲಿ ಗರಸು ಇತ್ತು. ಟಾಕಿಯ ಈಶಾನ್ಯ ಮೂಲೆಯಲ್ಲಿದ್ದದ್ದು ಕಲ್ಲು ತೆಗೆದು ಬಿಟ್ಟ ಹಳೆಯ ಕಣಿ. ಯಾವ ಕಾಲದಲ್ಲೋ ಎರೆಮಣ್ಣು ತುಂಬಿ ಮಟ್ಟ ಮಾಡಿದ್ದರು. ನೀರು ಇಂಗಿದಾಗ ಉಬ್ಬಿ, ಒಣಗಿದಾಗ ಕುಗ್ಗಿ, ಆ ಮಣ್ಣು ಅಡಿಪಾಯದ ಕೆಳಗಿಂದ ಸರಿದಿತ್ತು. ಅಲ್ಲಿಯ ಪೊಳ್ಳಿನಲ್ಲಿ ನನ್ನ ಕೈ ಮೊಣಕೈವರೆಗೆ ಹೋಯಿತು. ಟಾಕಿಯ ತಲೆ ಅರ್ಧ ಗೇಣು ವಾಲಿತ್ತು. ಇನ್ನೊಂದು ಮಳೆಗಾಲ ದಾಟುತ್ತಿರಲಿಲ್ಲ ಎಂದು ವರದಿಯಲ್ಲಿದೆ.

ಬಡಾವಣೆಯ ಹಿರಿಯರು ಶಾಲು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಮನೆಗೆ ಬಂದರು. ಟಾಕಿಯ ದೋಷ ಪತ್ತೆ ಮಾಡಿ ಜೀವ ಉಳಿಸಿದ ಇಂಜಿನಿಯರಿಗೆ ಸನ್ಮಾನವಂತೆ. ಬಾಗಿಲಲ್ಲೇ ನಿಲ್ಲಿಸಿ ಎಲ್ಲವನ್ನೂ ಹೇಳಿದೆ, ಜೇಬಿನ ತೂಗುಗುಂಡಿನ ಸಂಗತಿಯನ್ನೂ. ಇಮಾಮಸಾಬ ಅವರ ಹಿಂದೆಯೇ ಇದ್ದ. ಅವನು ನೆಲ ನೋಡಿದ. ಹಿರಿಯರಲ್ಲಿ ಒಬ್ಬರು ಶಾಲನ್ನು ನೀಲಾಳ ಕಡೆ ಚಾಚಿದರು.

“ನಂಗೂ ಬ್ಯಾಡ್ರಿ. ಏಳು ವರ್ಷ ಸುಳ್ಳು ಕಟ್ಕೊಂಡ ಅಡ್ಡಾಡೇನಿ ನಾನೂ.”

ಕೊನೆಗೆ ಇಮಾಮಸಾಬ ಶಾಲನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. “ಕೆಳಗ ಕುಂತಾಂವ ನಾ ಇದ್ದೆ. ನಂಗ ಇರ್ಲಿ,” ಎಂದ. ನನ್ನ ಕಡೆ ತಿರುಗಿ, “ಏಪ್ರಿಲದಾಗ ಕಟಗಿ ಉಬ್ಬೂದಿಲ್ರಿ, ಸಾಹೇಬ್ರ,” ಎಂದು ಹೇಳಿ ಮೆಟ್ಟಿಲಿಳಿದ. ಈಗ ಎದುರು ಸಿಕ್ಕರೂ ಚಹಾಕ್ಕೆ ಕರೆಯುವುದಿಲ್ಲ.

ನನ್ನ ಹೆಸರಿನ ಮೇಲೆ ಮಂಡಳಿಯ ಪುಸ್ತಕದಲ್ಲಿ ಕೆಂಪು ಗೆರೆ ಎಳೆದಿದ್ದಾರೆ. ಅಳಿಸುವುದಿಲ್ಲ, ಓದುವಂತೆ ಇಡುತ್ತಾರೆ. ನೀಲಾಳಿಗೆ ಎರಡು ವರ್ಷ ಯಾವ ಆಫೀಸಿನಲ್ಲೂ ತರಬೇತಿಗೆ ಸೇರಬಾರದೆಂದು ಆಜ್ಞೆಯಾಯಿತು. ಆ ಅವಧಿ ಹೋದ ತಿಂಗಳು ಮುಗಿಯಿತು. ಹುಬ್ಬಳ್ಳಿಯ ಒಬ್ಬ ಇಂಜಿನಿಯರ್ ಅವಳನ್ನು ತೆಗೆದುಕೊಂಡಿದ್ದಾರೆ. ಅವರಿಗೆ ಇಪ್ಪತ್ತೊಂಬತ್ತು ವರ್ಷ, ಅವಳಿಗೆ ನಲವತ್ತೊಂದು. ಮುಂದೆ ಎಂಟು ವರ್ಷ ಇದೆ.

ನಿನ್ನೆ ಬೆಳಗ್ಗೆ ಅವಳು ಚಹಾದ ಮೇಜಿನ ಮೇಲೆ ಅರ್ಜಿ ತುಂಬುತ್ತಿದ್ದಳು. ನಾನು ಅವಳ ಡಬ್ಬಿಗೆ ರೊಟ್ಟಿ ಮಡಚುತ್ತಿದ್ದೆ; ನಾನು ಬಡಿದ ರೊಟ್ಟಿಯ ಅಂಚು ಇನ್ನೂ ಒಡೆಯುತ್ತದೆ. ಅವಳ ಎಡಗೈಯಲ್ಲಿ ಬಳೆಗಳ ಕೆಳಗೆ, ಏಳು ವರ್ಷ ಬಿಸಿಲು ಕಾಣದ ಬೆಳ್ಳನೆಯ ಉಂಗುರ ಇನ್ನೂ ಪೂರ್ತಿ ಮಾಸಿಲ್ಲ. ಹೆಸರು, ವಿಳಾಸ, ಓದು ಬರೆದಳು. ‘ಹಿಂದಿನ ಅನುಭವ’ ಎಂಬಲ್ಲಿ ಪೆನ್ನು ನಿಂತಿತು. ಬೇಕೆಂದೇ ನಾನು ಮುಖ ತಿರುಗಿಸಲಿಲ್ಲ.

ಆ ಚೌಕದಲ್ಲಿ ಅವಳು, ದುಂಡಗಿನ ಅಕ್ಷರದಲ್ಲಿ, ‘ಇಲ್ಲ’ ಎಂದು ಬರೆದಳು. ಬರೆದು ಶಾಯಿ ಆರಲೆಂದು ಊದಿ, ಡಬ್ಬಿಗೆ ಕೈ ಚಾಚಿದಳು.